ಸಮಾಧಾನ ಏಳೂ ವಾರ ಹಿಡಿದದ್ದು

ಅಂಕಲಿಯ ಸಮಾಧಾನನಿಗೆ ಆ ಹೆಸರಿಟ್ಟವರು ಅವನ ಅಪ್ಪ ಭರಮು ಮಾಸ್ತರರು. ಮಗ ಹುಟ್ಟಿದ ದಿನ ಅವರಿಗೆ ಬಹಳ ಸಮಾಧಾನವಾಗಿತ್ತಂತೆ. ಆಮೇಲೆ ಆದದ್ದು ಕಡಿಮೆ.

ಸಮಾಧಾನ ಚಿಕ್ಕೋಡಿಯ ಒಂದು ಸರಕಾರಿ ಕಚೇರಿಯಲ್ಲಿ ಆವಕ ಜಾವಕದ ಗುಮಾಸ್ತ. ಬಂದ ಕಾಗದಕ್ಕೆ ನಂಬರು ಹಾಕಿ ಒಳಗೆ ಕಳಿಸಬೇಕು, ಹೋಗುವ ಕಾಗದಕ್ಕೆ ನಂಬರು ಹಾಕಿ ಹೊರಗೆ ಕಳಿಸಬೇಕು. ಕಾಗದದಲ್ಲಿ ಏನು ಬರೆದಿದೆ ಎಂದು ಓದುವುದು ಅವನ ಕೆಲಸವಲ್ಲ. ಹದಿನಾಲ್ಕು ವರ್ಷ ಹೀಗೆ ಮಾಡಿದ್ದರಿಂದ ಮಾತಿನಲ್ಲೂ ಅದೇ ರೂಢಿಯಾಗಿತ್ತು. ಎದುರಿನವರ ಮಾತು ಬಂದರೆ ಒಳಗೆ ಬಿಡುತ್ತಿದ್ದ, ತನ್ನ ಮಾತನ್ನು ಹೊರಗೆ ಬಿಡುತ್ತಿದ್ದ, ಎರಡರಲ್ಲೂ ಏನಿದೆ ಎಂದು ನೋಡುತ್ತಿರಲಿಲ್ಲ. ಮನುಷ್ಯ ಒಳ್ಳೆಯವನು, ಅದರಲ್ಲಿ ಎರಡು ಮಾತಿಲ್ಲ.

ಅವನ ಹೆಂಡತಿ ಸಾರಿಕಾ ಊರಿನ ಅಂಗನವಾಡಿಯ ಟೀಚರು. ಮೂವತ್ತು ಮಕ್ಕಳ ಮೂಗು ಒರೆಸುವುದು, ತೂಕ ನೋಡುವುದು, ಅವರ ಹೆಸರನ್ನೆಲ್ಲ ಮೊಬೈಲಿಗೆ ತುಂಬುವುದು, ನಡುನಡುವೆ ಸರಕಾರ ನೆನಪಾದಾಗಲೆಲ್ಲ ಮನೆ ಎಣಿಸುವುದು, ದನ ಎಣಿಸುವುದು. ಅಷ್ಟಾದ ಮೇಲೆ ಮನೆಗೆ ಬಂದು ರೊಟ್ಟಿ ಬಡಿಯುವುದು. ಇಷ್ಟರ ನಡುವೆ ಆಕೆ ಸೂಪರ್‌ವೈಸರ್ ಪರೀಕ್ಷೆಗೆ ಓದುತ್ತಿದ್ದಳು. ಹಿಂದೆ ಎರಡು ಸಲ ಕಟ್ಟಿ ಎರಡೂ ಸಲ ಕೂದಲೆಳೆಯಲ್ಲಿ ತಪ್ಪಿತ್ತು. ಇನ್ನು ವಯಸ್ಸಿನ ಮಿತಿ ಮುಗಿಯುತ್ತ ಬಂದದ್ದರಿಂದ ಇದೇ ಕಡೆಯ ಸಲ. ಪರೀಕ್ಷೆ ಬೆಳಗಾವಿಯಲ್ಲಿ, ಬರುವ ರವಿವಾರದಾಚೆಯ ರವಿವಾರ. ಒಂದು ವಾರ ರಜೆಯನ್ನೂ ಹಾಕಿದ್ದಳು.

ಎರಡನೇ ಸಲ ತಪ್ಪಿದಾಗ ಓಣಿಯ ಹೆಂಗಸರು ಒಂದು ತಿಂಗಳು ಬಿಡದೆ ಬಂದು ಸಮಾಧಾನ ಹೇಳಿ ಹೋಗಿದ್ದರು. ಆ ಸಮಾಧಾನವನ್ನು ಇನ್ನೊಮ್ಮೆ ತಡೆದುಕೊಳ್ಳುವ ಶಕ್ತಿ ತನಗಿಲ್ಲವೆಂದು ಸಾರಿಕಾ ಗಂಡನಿಂದ ಮಾತು ತೆಗೆದುಕೊಂಡಿದ್ದಳು. "ಈ ಸಲ ಪರೀಕ್ಷಾ ಅನ್ನೂ ಅಕ್ಷರ ಈ ಮನಿ ಹೊಸ್ತಲಾ ದಾಟಬಾರದು. ನೀವೂ ಹೇಳಬಾರದು, ಸ್ನೇಹಲನೂ ಹೇಳಬಾರದು." ಸ್ನೇಹಲ ಅವರ ಮಗಳು, ಐದನೆಯ ಇಯತ್ತೆ. ಇಬ್ಬರೂ ಒಪ್ಪಿದರು.

ಇಲ್ಲಿಗೆ ನಿಂತಿದ್ದರೆ ಕಥೆಯೇ ಇರುತ್ತಿರಲಿಲ್ಲ. ಆದರೆ ಬುಧವಾರ ಬಸ್ಸಿನಲ್ಲಿ ಬರುವಾಗ ಸಮಾಧಾನ ಮೊಬೈಲಿನಲ್ಲಿ ಒಂದು ವಿಡಿಯೋ ನೋಡಿದ. ಯಾರೋ ಪಟ್ಟಣದ ಹೆಣ್ಣುಮಗಳು ಫ್ರಿಜ್ಜು ತೆರೆದು, ಸಾಲಾಗಿ ಇಟ್ಟ ಏಳು ಡಬ್ಬಿ ತೋರಿಸಿ, ರವಿವಾರ ಮೂರು ತಾಸು ಕೊಟ್ಟರೆ ಸಾಕು, ವಾರವಿಡೀ ಮನೆಮಂದಿಗೆಲ್ಲ ಆರೋಗ್ಯದ ಊಟ ಎಂದು ನಗುತ್ತಿದ್ದಳು. ಅಂಕಲಿ ಬರುವಷ್ಟರಲ್ಲಿ ಸಮಾಧಾನ ಆ ವಿದ್ಯೆಯಲ್ಲಿ ಪಾರಂಗತನಾಗಿದ್ದ.

"ಸೋಮವಾರದಿಂದ ನೀ ಅಡಗಿಮನ್ಯಾಗ ಕಾಲ ಇಡಬ್ಯಾಡ," ಎಂದ ಹೆಂಡತಿಗೆ. "ರವಿವಾರ ಒಂದ ದಿನದಾಗ ನಾ ವಾರದ್ದೆಲ್ಲಾ ಮಾಡಿಡತೇನಿ. ಎಣ್ಣಿ ಕಡಿಮಿ, ಉಪ್ಪ ಕಡಿಮಿ, ಮೊಳಕಿ ಕಾಳ, ಕಾಯಿಪಲ್ಯ. ದಿನಾ ಒಂದ ಡಬ್ಬಿ ತಗಿ, ಊಟಾ ಮಾಡು, ಓದಾಕ ಕುಂದ್ರು."

"ಅಂದ್ರ ವಾರಪೂರ್ತಿ ತಂಗಳ ಉಣ್ಣೂದೇನ್ರಿ?"

"ತಂಗಳಲ್ಲ. ಮೊದಲ ಮಾಡಿ ಇಟ್ಟದ್ದು."

"ಮೊದಲ ಮಾಡಿ ಇಟ್ಟದ್ದನ್ನ ಆಮ್ಯಾಲ ಉಂಡ್ರ ಅದಕ್ಕ ನಮ್ಮ ಕಡೆ ತಂಗಳ ಅಂತಾರ್ರಿ," ಎಂದಳು ಸಾರಿಕಾ. ಆದರೂ ಆಕೆಗೆ ಸಂತೋಷವಾಗಿತ್ತು. ಹನ್ನೆರಡು ವರ್ಷದಲ್ಲಿ ಗಂಡ ತನ್ನ ಓದಿಗಾಗಿ ಕೈ ತೊಳೆದು ನಿಂತದ್ದು ಇದೇ ಮೊದಲು. ಅದು ಆಕೆಯ ಮುಖದ ಮೇಲೆ ಕಾಣುತ್ತಿತ್ತು. ಅದನ್ನು ನೋಡಿ ಸಮಾಧಾನನಿಗೆ ಹುರುಪು ಇನ್ನೂ ಏರಿತು.

ಆ ಹುರುಪಿನಲ್ಲಿ ಶುಕ್ರವಾರ ಮುಂಜಾನೆ ಮೂರು ಕಿಲೋ ಮಡಕಿ ಕಾಳು ನೆನೆಹಾಕಿದ. ವಿಡಿಯೋದಾಕೆ ಮೂರು ಬಟ್ಟಲು ಎಂದಿದ್ದಳು. ಸಮಾಧಾನನಿಗೆ ಮೂರು ಎನ್ನುವುದಷ್ಟೇ ನೆನಪಿತ್ತು. ಸಂಜೆಗೆ ಕಾಳು ಉಬ್ಬಿ ಪಾತೇಲಿ ತುಂಬಿತು, ಬಕೀಟು ತುಂಬಿತು. ಮೊಳಕೆಗೆ ಕಟ್ಟಲು ಅಷ್ಟು ದೊಡ್ಡ ಅರಿವೆ ಸಿಗದೆ ಅಪ್ಪನ ಬಿಳಿ ಧೋತರ ತೆಗೆದು, ಅದರಲ್ಲಿ ಗಂಟು ಕಟ್ಟಿ, ಪಡಸಾಲೆಯ ತೊಲೆಗೆ ತೂಗುಹಾಕಿದ. ಸ್ನೇಹಲ ಏಳು ಡಬ್ಬಿಗೆ ಏಳು ಚೀಟಿ ಅಂಟಿಸಿ, ಸೋಮವಾರ, ಮಂಗಳವಾರ ಎಂದು ಬರೆದು, ಚಂದ ಕಾಣಲೆಂದು ಪ್ರತಿ ಹೆಸರಿನ ಮೇಲೂ ಒಂದು ಹೂವು, ಹೂವಿನ ನಡುವೆ ಕೆಂಪು ಚುಕ್ಕೆ ಇಟ್ಟಳು. ಒದ್ದೆ ಡಬ್ಬಿಯ ಮೇಲೆ ಆ ಕೆಂಪು ಸ್ವಲ್ಪ ಹರಡಿತು.

ರವಿವಾರ ಮುಂಜಾನೆ ಎದುರು ಮನೆಯ ರುಕ್ಮವ್ವ ಬಂದದ್ದು ಒಂದು ಹಿಡಿ ಕೊತ್ತಂಬರಿ ಕೇಳಲು. ಹತ್ತು ಎಕರೆ ಕಬ್ಬಿನ ಒಡತಿ, ಎಪ್ಪತ್ತು ದಾಟಿದ ಮುದುಕಿ, ಓಣಿಯ ಎಲ್ಲ ಹೆರಿಗೆ ಮದುವೆಗಳ ಹಿರಿಯಳು. ಆಕೆ ಬಾಗಿಲಲ್ಲೇ ನಿಂತು ನೋಡಿದಳು. ತೊಲೆಯಿಂದ ಬಿಳಿ ಗಂಟು ತೂಗುತ್ತಿದೆ, ಹನಿಹನಿ ನೀರು ಸುರಿಯುತ್ತಿದೆ. ಅದರ ಕೆಳಗೆ ಕೆಂಪು ಹಚ್ಚಿದ ಏಳು ಡಬ್ಬಿ ಸಾಲಾಗಿ ಕೂತಿವೆ. ಸಮಾಧಾನ ಸ್ನಾನ ಮಾಡಿ ಟವೆಲು ಸುತ್ತಿಕೊಂಡು ಗಂಟಿನ ಮುಂದೆ ಕೈ ಚಾಚಿ ನಿಂತಿದ್ದಾನೆ.

"ಏನಪಾ ಇದು ಸಮಾಧಾನ?"

"ವಾರದ್ದರಿ ಆಯೀ," ಎಂದ ಸಮಾಧಾನ ಹೆಮ್ಮೆಯಿಂದ. "ಈ ಸಲ ಏಳೂ ವಾರ ನಾನ ಹಿಡದೇನ್ರಿ."

ಇಲ್ಲಿ ಒಂದು ಮಾತು ಹೇಳಬೇಕು. ಈ ಸೀಮೆಯಲ್ಲಿ ವಾರ ಹಿಡಿಯುವುದೆಂದರೆ ದೇವರ ಹೆಸರಿನಲ್ಲಿ ಒಂದು ದಿನ ಉಪವಾಸ ಇರುವುದು. ಸೋಮವಾರ ಹಿಡಿದವರಿದ್ದಾರೆ, ಶುಕ್ರವಾರ ಹಿಡಿದವರಿದ್ದಾರೆ, ಕಷ್ಟ ಜೋರಾದರೆ ಎರಡು ಹಿಡಿದವರೂ ಇದ್ದಾರೆ. ಏಳೂ ಹಿಡಿದ ಮನುಷ್ಯನನ್ನು ರುಕ್ಮವ್ವ ತನ್ನ ಜನ್ಮದಲ್ಲಿ ಕಂಡಿರಲಿಲ್ಲ. ಅದರಲ್ಲೂ ಇವನು ಭರಮು ಮಾಸ್ತರರ ಮಗ. ಅವರು ಬೌದ್ಧರು. ವಾರ, ಹರಕೆ, ಅಂಗಾರದ ಬೂದಿ ಎಂದರೆ ಮಾಸ್ತರರು ಕರಿಹಲಗೆ ಒರೆಸುವ ಡಸ್ಟರು ಎತ್ತುತ್ತಿದ್ದರು.

"ಏಳೂ?" ಎಂದಳು ರುಕ್ಮವ್ವ ದನಿ ಇಳಿಸಿ.

"ಏಳೂರಿ. ನಾಳಿಂದ ಈ ಮನ್ಯಾಗ ಒಲಿ ಹಚ್ಚಂಗಿಲ್ಲ."

"ಯಾರ ಸಲುವಾಗೆಪಾ?"

ಪರೀಕ್ಷೆ ಎಂಬ ಅಕ್ಷರ ನಾಲಿಗೆಯ ತುದಿಗೆ ಬಂದಿತ್ತು. ಸಮಾಧಾನ ಅದನ್ನು ನುಂಗಿದ. "ಸಾರಿಕಾನ ಸಲುವಾಗಿರಿ. ಆಕೀಗಿ ಭಾಳ ತ್ರಾಸ ಆಗಾಕತ್ತೇತಿ. ಇದೊಂದ ವಾರ ದಾಟಿದ್ರ ಸಾಕ್ರಿ. ಇದ ಕಡೀದು. ಆಮ್ಯಾಲ ಏನೂ ಇಲ್ಲ."

ಅವನು ಹೇಳಿದ್ದು ಕೆಲಸದ ತ್ರಾಸು. ಆಕೆ ಕೇಳಿದ್ದು ಬೇನೆಯ ತ್ರಾಸು. ರುಕ್ಮವ್ವ ಕೊತ್ತಂಬರಿ ಮರೆತು, ಸೆರಗಿನ ತುದಿ ಬಾಯಿಗೆ ಒತ್ತಿಕೊಂಡು ಹೊರಟುಹೋದಳು. ಆಯಿಗೆ ಬಹಳ ಸಂತೋಷವಾಯಿತು ಎಂದುಕೊಂಡು ಸಮಾಧಾನ ಮೊಳಕೆ ಕಾಳಿನ ಉಸಳಿಗೆ ಒಗ್ಗರಣೆ ಹಾಕಿದ.

ಮೂರು ತಾಸಿನ ಕೆಲಸ ಒಂಬತ್ತು ತಾಸು ಹಿಡಿಯಿತು. ಏಳೂ ಡಬ್ಬಿಯಲ್ಲಿ ಮಡಕಿ ಉಸಳಿಯೇ ತುಂಬಿತು. ಬೇರೆ ಬೇರೆಯಾಗಿರಲೆಂದು ಒಂದಕ್ಕೆ ಮೆಂತ್ಯೆ, ಒಂದಕ್ಕೆ ಗಜ್ಜರಿ, ಇನ್ನೊಂದಕ್ಕೆ ನವಣೆ ಅನ್ನ ಬೆರೆಸಿದ. ಗಂಟು ಇನ್ನೂ ಅರ್ಧ ಉಳಿದಿತ್ತು.

ಸೋಮವಾರ ಸಮಾಧಾನ ಕಚೇರಿಗೆ ಹೋದ. ಸಾರಿಕಾ ಒಳಗಿನ ಕೋಣೆಯ ಬಾಗಿಲು ಹಾಕಿಕೊಂಡು ಓದಲು ಕೂತಳು. ಹತ್ತು ಗಂಟೆಯ ಹೊತ್ತಿಗೆ ರುಕ್ಮವ್ವ ಎಳನೀರು ಹಿಡಿದು ಬಂದಳು. ಹಿಂದೆ ಆಕೆಯ ಸೊಸೆ ಸೋನಾಬಾಯಿ, ಸೋನಾಬಾಯಿಯ ಹಿಂದೆ ಓಣಿಯ ಎಂಟು ಹತ್ತು ಹೆಂಗಸರು. ಶಾಲೆಗೆ ಹೊರಟಿದ್ದ ಸ್ನೇಹಲ ಬಾಗಿಲಲ್ಲಿ ಸಿಕ್ಕಿಬಿದ್ದಳು.

"ನಿಮ್ಮವ್ವ ಎಲ್ಲಿ ಅದಾಳಬೇ?"

"ಒಳಗ ಅದಾಳ್ರಿ. ಯಾರೂ ಮಾತಾಡಸಬಾರದಂತ್ರಿ."

"ಏನಾಗೇತಿ ಆಕೀಗಿ?"

ಸ್ನೇಹಲ ಅಪ್ಪನಿಗಿಂತ ಜಾಣೆ. "ಅದನ್ನ ಹೇಳಬಾರದು ಅಂತ ಹೇಳ್ಯಾರ್ರಿ," ಎಂದಳು.

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸೋನಾಬಾಯಿ ಮೆಲ್ಲಗೆ ಹೋಗಿ ಬಾಗಿಲಿಗೆ ಕಿವಿ ಹಚ್ಚಿದಳು. ಒಳಗೆ ಸಾರಿಕಾ ಅತ್ತಿಂದಿತ್ತ ತಿರುಗಾಡುತ್ತ ಬಾಯಿಪಾಠ ಮಾಡುತ್ತಿದ್ದಳು. ಅಂಗನವಾಡಿ ಪರೀಕ್ಷೆಯಲ್ಲಿ ಮಕ್ಕಳ, ಬಾಣಂತಿಯರ ಕಾಯಿಲೆಗಳೇ ಹೆಚ್ಚು. "ರಕ್ತಹೀನತೆ," ಎಂಬ ದನಿ ಕೇಳಿಸಿತು. "ಲಕ್ಷಣಗಳು. ಸುಸ್ತು. ತಲೆಸುತ್ತು. ಎದೆಬಡಿತ. ಹಸಿವಾಗದಿರುವುದು. ಕೈಕಾಲು ಬಾವು."

ಸೋನಾಬಾಯಿ ಕಿವಿ ತೆಗೆದು, ಕೇಳಿದ್ದನ್ನೆಲ್ಲ ಕ್ರಮವಾಗಿ ಹೇಳಿದಳು. "ಒಬ್ಬಾಕಿನ ಅಡ್ಡಾಡಕೋತ ತನ್ನ ಬ್ಯಾನಿ ತಾನ ಎಣಸಾಕತ್ತಾಳ್ರಿ ಅತ್ತೀ. ಎಣಿಸಿ ಮುಗೀವಲ್ಲವು."

ಹೆಂಗಸರು ಪಡಸಾಲೆಯಲ್ಲೇ ಕೂತುಬಿಟ್ಟರು. ಅವರ ಗುಜುಗುಜು ಕೇಳಿ ಸಾರಿಕಾ ಹೊರಗೆ ಬಂದಳು. ನಿದ್ದೆಗೆಟ್ಟ ಕಣ್ಣು, ಕಟ್ಟಿದ ತಲೆ. ನೋಡಿದವರಿಗೆ ಉಳಿದಿದ್ದ ಅನುಮಾನವೂ ಹೋಯಿತು. ಮನೆಗೆ ಬಂದವರಿಗೆ ಚಹಾ ಮಾಡಲೆಂದು ಆಕೆ ಗ್ಯಾಸಿಗೆ ಕೈ ಹಾಕಿದ್ದೇ ತಡ, ರುಕ್ಮವ್ವ ಕೈ ಹಿಡಿದುಕೊಂಡಳು. "ಬ್ಯಾಡವಾ. ಒಲಿ ಹಚ್ಚಬ್ಯಾಡ. ಗಂಡ ನಿನ್ನ ಸಲುವಾಗಿ ಜೀವಾ ಒತ್ತೆ ಇಟ್ಟಾನ." ಸಾರಿಕಾಗೆ ಒಂದೂ ತಿಳಿಯಲಿಲ್ಲ. ಚಹಾ ಬೇಡವೆಂದ ಮೇಲೆ ಏನಾದರೂ ಕೊಡಲೇಬೇಕಲ್ಲ. ಸೋಮವಾರದ ಡಬ್ಬಿ ತೆಗೆದಳು. ಹೆಂಗಸರು ಅಂಗೈ ಮೇಲೆ ಒಂದೊಂದು ಚಮಚ ಉಸಳಿ ಹಾಕಿಸಿಕೊಂಡು, ಕಣ್ಣಿಗೆ ಒತ್ತಿಕೊಂಡು ತಿಂದರು. ಉಪ್ಪಿಲ್ಲದ್ದು, ಎಣ್ಣೆಯಿಲ್ಲದ್ದು ನೋಡಿ ಇದು ಪ್ರಸಾದವೇ ಎಂದು ಎಲ್ಲರಿಗೂ ಖಾತ್ರಿಯಾಯಿತು. ಪ್ರಸಾದವೆಂದ ಮೇಲೆ ಮನೆಗೂ ಒಯ್ಯಬೇಕು. ಮಂಗಳವಾರದ ಡಬ್ಬಿಯೂ ಖಾಲಿಯಾಯಿತು.

ಮಂಗಳವಾರ ಕಚೇರಿಯಲ್ಲಿ ಸಮಾಧಾನನನ್ನು ಸಾಹೇಬರು ಒಳಗೆ ಕರೆದರು. ಬಾಪುಸಾಹೇಬರು ಕಚೇರಿಯ ಮುಖ್ಯಸ್ಥರು, ಮೆತ್ತಗಿನ ಮನುಷ್ಯ. ರುಕ್ಮವ್ವನ ಮಗ ಭಾವುಸಾಹೇಬ ತನ್ನ ಹೊಲದ ಕಾಗದಕ್ಕೆಂದು ಬಂದವನು ಅವರಿಗೆ ಸುದ್ದಿ ಮುಟ್ಟಿಸಿ ಹೋಗಿದ್ದ.

"ಕುಂಡ್ರಪಾ," ಎಂದರು ಬಾಪುಸಾಹೇಬರು. ಹದಿನಾಲ್ಕು ವರ್ಷದಲ್ಲಿ ಆ ಕುರ್ಚಿಯಲ್ಲಿ ಕೂಡು ಎಂದದ್ದು ಇದೇ ಮೊದಲು. "ನನಗೆಲ್ಲಾ ಗೊತ್ತಾಗೇತಿ. ಮುಚ್ಚಬ್ಯಾಡ."

ಪರೀಕ್ಷೆಯ ಸುದ್ದಿ ಇಲ್ಲಿಯವರೆಗೆ ಬಂತಲ್ಲ ಎಂದು ಸಮಾಧಾನ ಬೆವರಿದ. "ಓಣ್ಯಾಗ ಯಾರಿಗೂ ಹೇಳಬ್ಯಾಡ್ರಿ ಸರ. ಆಕಿ ಮನಸಿಗಿ ಹಚಗೋತಾಳ."

"ಹೇಳಂಗಿಲ್ಲ. ಎಲ್ಲಿ ತೋರಸಾಕತ್ತಿ? ಮಿರಜ?"

"ಮಿರಜ ಅಲ್ರಿ, ಬೆಳಗಾವಿ. ರವಿವಾರ ಐತ್ರಿ. ನಂಬರ ಬಂದೇತಿ."

"ಎಷ್ಟ ತಾಸಿಂದು?"

"ಮುಂಜಾನಿ ಎರಡ ತಾಸ, ಮಧ್ಯಾಹ್ನ ಎರಡ ತಾಸ."

"ಒಂದ ದಿನ ಎರಡ?" ಎಂದು ಬಾಪುಸಾಹೇಬರು ಕನ್ನಡಕ ತೆಗೆದರು. "ತಡಕೋತಾಳೇನೋ?"

"ರೂಢಿ ಆಗೇತ್ರಿ. ಹಿಂದಕ ಎರಡ ಸಲ ಆಗೇತಲ್ರಿ. ಎರಡೂ ಸಲ ಸ್ವಲ್ಪದಾಗ ಹೋತ್ರಿ. ಈ ಸಲ ಕಡೀದು. ಆದ್ರ ಆತು, ಇಲ್ಲಂದ್ರ ಮುಗೀತು."

ಅವನ ಧೈರ್ಯ ನೋಡಿ ಬಾಪುಸಾಹೇಬರು ಕನ್ನಡಕ ಒರೆಸಿಕೊಂಡರು. "ಕಾಳಜಿ ಮಾಡಬ್ಯಾಡ," ಎಂದು ಅವನ ಹೆಗಲು ತಟ್ಟಿ, ವಾರಪೂರ್ತಿ ರಜೆ ಕೊಟ್ಟು ಕಳಿಸಿದರು. ಹೆಂಡತಿಯ ಪರೀಕ್ಷೆಗೆ ಗಂಡನಿಗೆ ರಜೆ ಕೊಡುವ ಇಂಥ ಸಾಹೇಬರು ಜಿಲ್ಲೆಯಲ್ಲೇ ಇಲ್ಲ ಎಂದುಕೊಳ್ಳುತ್ತ ಸಮಾಧಾನ ಮನೆಗೆ ಬಂದ.

ಬಂದರೆ ಬಾಗಿಲ ಮುಂದೆ ನಲವತ್ತು ಜೋಡಿ ಚಪ್ಪಲಿ. ಪಡಸಾಲೆಯಲ್ಲಿ ಕಾಲಿಡಲು ಜಾಗವಿಲ್ಲ. ಅರ್ಧ ಖಾಲಿಯಾದ ಗಂಟಿಗೆ ಯಾರೋ ಚೆಂಡು ಹೂವಿನ ಮಾಲೆ ಹಾಕಿದ್ದರು. ಅಥಣಿಯ ಕಡೆಯಿಂದ ಬಂದ ಒಬ್ಬ ಮುದುಕಿ ತನ್ನ ಮೊಣಕಾಲು ನೋವಿಗೂ ಒಂದು ವಾರ ಹಿಡಿಯಲು ಆಗುತ್ತದೆಯೇ ಎಂದು ಸಮಾಧಾನನನ್ನೇ ಕೇಳಿದಳು. ಏನಾಗಿದೆ ಎಂದು ಆಗ ಅವನಿಗೆ ತಿಳಿಯಿತು. ಇದು ಸಮಾಧಾನನ ಜೀವನದಲ್ಲಿ ಬಂದ ಕಾಗದವನ್ನು ಓದಿ ನೋಡಿದ ಮೊದಲ ಸಂದರ್ಭ.

ಅವನು ಕಟ್ಟೆಯ ಮೇಲೆ ನಿಂತು, "ನೋಡ್ರಿ, ಸಾರಿಕಾಗ ಏನೂ ಆಗಿಲ್ಲ. ಆಕಿ ಗಟ್ಟಿಮುಟ್ಟ ಅದಾಳ," ಎಂದ.

"ಹಂಗ ಅನಬೇಕಪಾ," ಎಂದಳು ರುಕ್ಮವ್ವ ಕಣ್ಣೊರೆಸಿಕೊಂಡು. "ಗಂಡಸ ಧೈರ್ಯಾ ಬಿಡಬಾರದು."

"ಮತ್ತ ಆಕಿ ಬಾಗಲಾ ಹಾಕ್ಕೊಂಡ ಒಳಗ ಏನ ಮಾಡಾಕತ್ತಾಳ? ರಜಾ ಯಾಕ ಹಾಕ್ಯಾಳ?" ಎಂದು ಭಾವುಸಾಹೇಬ ಕೇಳಿದ. ಅದಕ್ಕೆ ಉತ್ತರ ಒಂದೇ ಇತ್ತು, ಆ ಉತ್ತರ ಹೇಳುವುದಿಲ್ಲವೆಂದು ಮಾತು ಕೊಟ್ಟಾಗಿತ್ತು. ಸಮಾಧಾನ ಬಾಯಿ ತೆರೆದು ಮುಚ್ಚಿದ. ದುಃಖಕ್ಕೆ ಮಾತು ಹೊರಡುತ್ತಿಲ್ಲ ಎಂದು ಎಲ್ಲರೂ ತಲೆ ತಗ್ಗಿಸಿದರು.

ಬುಧವಾರದ ಹೊತ್ತಿಗೆ ಏಳೂ ಡಬ್ಬಿ ಖಾಲಿಯಾಗಿದ್ದವು. ಒಲೆ ಹಚ್ಚದ ಮನೆಯೆಂದು ಓಣಿಯ ಎಲ್ಲ ಮನೆಗಳಿಂದ ಉಪವಾಸದ ಪದಾರ್ಥ ಬರತೊಡಗಿತು. ತುಪ್ಪ ಸುರಿಯುವ ಶಾಬುದಾಣಿ ಖಿಚಡಿ, ಶೇಂಗಾ ಉಂಡೆ, ಕರಿದ ಬಟಾಟೆ. ಎಣ್ಣೆ ಕಡಿಮೆ ಮಾಡಲು ಹೊರಟ ಸಮಾಧಾನನ ಮನೆಗೆ ಅಷ್ಟು ಎಣ್ಣೆ ಹಿಂದೆಂದೂ ಬಂದಿರಲಿಲ್ಲ. ಇತ್ತ ಸಾರಿಕಾ ಸೋಮವಾರ ತೆರೆದ ಪುಟದಲ್ಲೇ ಇದ್ದಳು.

"ರೀ," ಎಂದಳು ಆಕೆ ಅಡುಗೆಮನೆಯ ಮೂಲೆಯಲ್ಲಿ, ಹೊರಗಿನವರಿಗೆ ಕೇಳದಂತೆ. "ಮೂರ ದಿನಾ ಹೋದುವು. ಪುಸ್ತಕ ತಗದ್ರ ಯಾರರ ಬಂದ ಹಣಿ ಮುಟ್ಟಿ ನೋಡತಾರ. ಇದ ಕಡೀ ಸಲ ಅನ್ನೂದ ನಿಮಗ ಗೊತ್ತೈತಿಲ್ಲೋ? ನನಗ ಓದಾಕ ಬಿಡ್ರಿ. ಮತ್ತೇನೂ ಬ್ಯಾಡ." ಆಕೆಯ ಕಣ್ಣು ತುಂಬಿತ್ತು. ಸಮಾಧಾನನಿಗೆ ತನ್ನ ಮೇಲೆಯೇ ಸಿಟ್ಟು ಬಂತು. ಆಕೆಗೆ ಒಂದು ವಾರದ ಬಿಡುವು ಕೊಡಲು ಹೋಗಿ, ಇದ್ದ ಬಿಡುವನ್ನೂ ತಾನೇ ಕಸಿದುಕೊಂಡೆನಲ್ಲ ಎಂದು ಹಣೆ ಬಡಿದುಕೊಂಡ.

ಅಷ್ಟರಲ್ಲಿ ಹೊರಗೆ ಗುಜುಗುಜು ಫಕ್ಕನೆ ನಿಂತಿತು. ನಿವೃತ್ತಿಯಾದ ಮೇಲೆ ಪಾಲಬಾವಿಯಲ್ಲಿ ಉಳಿದಿದ್ದ ಭರಮು ಮಾಸ್ತರರು ಬಂದಿದ್ದರು.

ಎಪ್ಪತ್ತೆರಡು ವರ್ಷ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಕೊಡೆ. ಅವರು ಯಾರನ್ನೂ ನೋಡದೆ ನೇರ ಒಳಗೆ ಬಂದರು. ತೊಲೆಯಿಂದ ಮಾಲೆ ಹಾಕಿಕೊಂಡು ತೂಗುತ್ತಿದ್ದದ್ದು ತಮ್ಮದೇ ಧೋತರ ಎಂದು ಗುರುತಿಸಿದರು. ಅಡುಗೆಮನೆಗೆ ಬಂದು ಬಾಗಿಲು ಮುಂದೆ ಮಾಡಿದರು.

"ಮೂವತ್ತಾರ ವರ್ಷ ಸಾಲ್ಯಾಗ ಹುಡುಗರಿಗಿ ಹೇಳೇನಿ. ವಾರ ಹಿಡದ್ರ ಬ್ಯಾನಿ ಹೋಗಂಗಿಲ್ಲ, ದವಾಖಾನಿಗಿ ಹೋಗ್ರಿ ಅಂತ. ನಿನ್ನೆ ಬಸ್‌ಸ್ಟ್ಯಾಂಡನ್ಯಾಗ ನನ್ನ ಹಳೇ ವಿದ್ಯಾರ್ಥಿ ಒಬ್ಬಾಂವ ಕೇಳತಾನ, ಸರ, ನಿಮ್ಮ ಮಗಾ ಏಳೂ ಹಿಡದಾನಂತಲ್ರಿ ಅಂತ. ನಾನು ಅಂವಗ ಏನ ಹೇಳಬೇಕಲೇ?"

ಸಮಾಧಾನ ಎಲ್ಲ ಹೇಳಿದ. ವಿಡಿಯೋದಿಂದ ಹಿಡಿದು ಬಾಪುಸಾಹೇಬರ ಕುರ್ಚಿಯವರೆಗೆ. ಹೇಳುತ್ತ ಹೇಳುತ್ತ ಕೊಡೆಯ ಮೇಲೆ ಒಂದು ಕಣ್ಣಿಟ್ಟಿದ್ದ. ಆದರೆ ಮಾಸ್ತರರು ಅವನ ಮಾತು ಮುಗಿಯುವ ಮೊದಲೇ ಸೊಸೆಯ ಕೈಯಲ್ಲಿದ್ದ ಪುಸ್ತಕ ತೆಗೆದುಕೊಂಡಿದ್ದರು. ಪುಟದ ಅಂಚಿನಲ್ಲಿ ಆಕೆ ಪೆನ್ಸಿಲಿನಿಂದ ಬರೆದ ಸಣ್ಣ ಅಕ್ಷರ ನೋಡುತ್ತಿದ್ದರು.

"ಎಷ್ಟ ಉಳದೈತವಾ?" ಎಂದರು.

"ಅರ್ಧ ಐತ್ರಿ ಮಾವಾರ."

"ನಾಕ ದಿನದಾಗ ಆಗತೈತಿ. ಗದ್ದಲಾ ಇಲ್ಲಂದ್ರ ಆಗತೈತಿ." ಪುಸ್ತಕ ಹಿಂದೆ ಕೊಟ್ಟು, ಅಂಗಿಯ ಗುಂಡಿ ಸರಿಮಾಡಿಕೊಂಡು, ಮಾಸ್ತರರು ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತರು. ಸಮಾಧಾನ ಉಸಿರು ಹಿಡಿದು ಬಾಗಿಲ ಹಿಂದೆ ನಿಂತ.

ರುಕ್ಮವ್ವ ಮುಂದೆ ಬಂದಳು. "ಮಾಸ್ತರ, ನೀವ ಸುಳ್ಳ ಹೇಳೂ ಮಂದಿ ಅಲ್ಲ. ನಿಮ್ಮ ಬಾಯಿಲೆ ಒಮ್ಮೆ ಹೇಳಿಬಿಡ್ರಿ. ನಿಮ್ಮ ಮಗಾ ವಾರ ಹಿಡದಾನೋ ಇಲ್ಲೋ?"

ಓಣಿಯೆಲ್ಲ ಕಿವಿಯಾಯಿತು. ಮಾಸ್ತರರು ಆಕಾಶ ನೋಡಿದರು, ಕೊಡೆ ನೋಡಿದರು. ಮೂವತ್ತಾರು ವರ್ಷದ ಪಾಠ ಒಂದು ಕಡೆ, ಒಳಗಿನ ಅರ್ಧ ಪುಸ್ತಕ ಒಂದು ಕಡೆ.

"ಹಿಡದಾನ," ಎಂದರು ಕಡೆಗೆ, ಒಂದೊಂದು ಅಕ್ಷರವನ್ನೂ ತೂಗಿ. "ಈ ವಾರ ಹಿಡದಾನ. ಅದು ಖರೆ ಐತಿ. ಈ ಮನ್ಯಾಗ ಭಾಳ ದೊಡ್ಡ ಕೆಲಸ ನಡದೈತಿ. ರವಿವಾರ ತನಕ ಯಾರೂ ಒಳಗ ಬರಂಗಿಲ್ಲ, ಮನಿ ಮುಂದ ಮಾತಾಡಂಗಿಲ್ಲ. ಮಾತಾಡಿದ್ರ ಮಾಡಿದ್ದೆಲ್ಲಾ ಹಾಳಾಗತೈತಿ." ಇದರಲ್ಲಿ ಸುಳ್ಳು ಒಂದೂ ಇರಲಿಲ್ಲ. ವ್ಯಾಕರಣ ಬಲ್ಲವರಿಗೆ ಇಂಥ ಅನುಕೂಲಗಳಿವೆ.

ಭರಮು ಮಾಸ್ತರರೇ ನಂಬಿದರೆಂದ ಮೇಲೆ ಓಣಿಗೆ ಇನ್ನೇನು ಬೇಕು. ಆ ಕ್ಷಣದಿಂದ ಅಲ್ಲಿ ಸದ್ದಡಗಿತು. ಹೆಂಗಸರು ನಳದ ಹತ್ತಿರ ಕೈಸನ್ನೆಯಲ್ಲಿ ಜಗಳವಾಡಿದರು. ಕಬ್ಬಿನ ಹಂಗಾಮಿನ ಟ್ರ್ಯಾಕ್ಟರುಗಳು ಊರಿಗೆಲ್ಲ ಕೇಳುವಂತೆ ಹಾಡು ಹಚ್ಚಿಕೊಂಡು ಹೋಗುವುದು ರೂಢಿ. ಓಣಿಯ ತುದಿಯಲ್ಲಿ ಭಾವುಸಾಹೇಬ ನಿಂತು ಒಂದೊಂದರದೂ ಹಾಡು ಬಂದ್ ಮಾಡಿಸಿದ. ಊಟದ ತಾಟುಗಳು ಸದ್ದಿಲ್ಲದೆ ಕಟ್ಟೆಯ ಮೇಲೆ ಬಂದು ಕೂರುತ್ತಿದ್ದವು. ಮಾಸ್ತರರು ಕೊಡೆ ಹಿಡಿದು ಬಾಗಿಲು ಕಾದರು. ಸಮಾಧಾನನಿಗೆ ಮಾತಾಡುವ ಅಪ್ಪಣೆಯೇ ಇರಲಿಲ್ಲ, ಅದರಿಂದ ಬಹಳ ಒಳ್ಳೆಯದಾಯಿತು. ಒಳಗೆ ಸಾರಿಕಾ ಪುಟ ತಿರುವುವ ಸದ್ದು ಹೊರಗಿನ ಕಟ್ಟೆಗೆ ಕೇಳುತ್ತಿತ್ತು. ಗಂಟಿನಲ್ಲಿ ಉಳಿದ ಕಾಳಿಗೆ ಶುಕ್ರವಾರ ಎಲೆ ಬಂದವು.

ಆ ಶುಕ್ರವಾರವೇ ರುಕ್ಮವ್ವ ಮಾಸ್ತರರ ಕಿವಿಯಲ್ಲಿ ಒಂದು ಮಾತು ಹೇಳಿ ಹೋಗಿದ್ದಳು. ಹಿಡಿದ ವಾರ ಮುಗಿದ ಮೇಲೆ ಉದ್ಯಾಪನೆ ಆಗಬೇಕು, ಅಂದರೆ ವಾರ ಹಿಡಿದವನು ತನ್ನ ಕೈಯಾರೆ ಮಾಡಿ ಓಣಿಗೆ ಉಣಿಸಬೇಕು. ಮೂರು ದಿನ ಬಂದು ಕೂತವರಿಗೆ, ತಾಟು ಕಳಿಸಿದವರಿಗೆ ಒಂದು ಊಟ ಹಾಕುವುದು ಧರ್ಮ ಎಂದು ಮಾಸ್ತರರೂ ಒಪ್ಪಿದರು. ಸಮಾಧಾನ ಮತ್ತೆ ಮೂರು ಕಿಲೋ ಮಡಕಿ ನೆನೆಹಾಕಿದ. ಈ ಸಲ ಲೆಕ್ಕ ಸರಿಯಾಗಿತ್ತು.

ರವಿವಾರ ನಸುಕಿನ ಬಸ್ಸಿಗೆ ಸಾರಿಕಾ ಮಾವನ ಜೊತೆ ಹೊರಟಾಗ ಓಣಿಯ ಎಲ್ಲ ಬಾಗಿಲಲ್ಲೂ ಜನ ಕೈ ಮುಗಿದು ನಿಂತಿದ್ದರು. ಹಾಲ್‌ಟಿಕೀಟು ಇದ್ದ ಫೈಲನ್ನು ಎಲ್ಲರೂ ಡಾಕ್ಟರರ ಕಾಗದವೆಂದು ನೋಡಿದರು. ಸೋನಾಬಾಯಿ ಕಟಕ ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿ ತಂದು ಆಕೆಯ ಚೀಲದಲ್ಲಿ ಇಟ್ಟಳು. ಇವು ತಿಂಗಳಿಟ್ಟರೂ ಕೆಡುವುದಿಲ್ಲ. ಈ ಸೀಮೆಯ ಹೆಂಗಸರು ಇದನ್ನು ನೂರು ವರ್ಷದಿಂದ ಮಾಡಿಡುತ್ತಿದ್ದಾರೆ, ಯಾರೂ ವಿಡಿಯೋ ತೆಗೆಯಲಿಲ್ಲ ಅಷ್ಟೆ.

ಸಂಜೆ ಐದಕ್ಕೆ ಬಸ್ಸು ಬಂತು. ಅಂಗಳದಲ್ಲಿ ಎರಡು ಪಂಕ್ತಿ ಕೂತಿದ್ದವು. ಸಮಾಧಾನ ಸೊಂಟಕ್ಕೆ ಟವೆಲು ಬಿಗಿದು ಉಸಳಿ ಬಡಿಸುತ್ತಿದ್ದ. ಸಾರಿಕಾ ಓಣಿಯಲ್ಲಿ ನಗುತ್ತ ನಡೆದು ಬಂದಳು. ಹತ್ತಿರ ಬಂದು, ಸೌಟು ಇಸಿದುಕೊಳ್ಳುವವಳಂತೆ ಬಗ್ಗಿ ಗಂಡನ ಕಿವಿಯಲ್ಲಿ, "ಒಂದೂ ಬಿಟ್ಟಿಲ್ರಿ. ಎಲ್ಲಾ ಬರದೇನಿ," ಎಂದಳು. ಸಮಾಧಾನನ ಕಣ್ಣಲ್ಲಿ ನೀರು ಬಂತು. ಈರುಳ್ಳಿ ಎಂದು ಹೇಳಿದ.

"ಈಗ ತ್ರಾಸ ಹೆಂಗೈತವಾ?" ಎಂದು ರುಕ್ಮವ್ವ ಪಂಕ್ತಿಯಿಂದಲೇ ಕೇಳಿದಳು.

"ಪೂರಾ ಹೋತ್ರಿ ಆಯೀ. ಹಗರ ಆಗೇತಿ."

ಹೋದ ಸೋಮವಾರ ಕಂಗೆಟ್ಟ ಕಣ್ಣಿದ್ದವಳು ಈಗ ಹೂವಿನಂತೆ ಅರಳಿದ್ದು ಎಲ್ಲರಿಗೂ ಕಾಣುತ್ತಿತ್ತು. ಪಂಕ್ತಿಯ ಹೆಂಗಸರು ಮೊದಲು ಆಕೆಯನ್ನು, ಆಮೇಲೆ ತಂತಮ್ಮ ಗಂಡಂದಿರನ್ನು ನೋಡಿದರು. ರುಕ್ಮವ್ವ ತೀರ್ಪು ಕೊಟ್ಟಳು. "ಗುಣಾ ಆತಂತ ಹಿಡದ ವಾರ ಬಿಡಬಾರದಪಾ ಸಮಾಧಾನ. ಬಿಟ್ರ ತ್ರಾಸ ತಿರಗಿ ಬರತೈತಿ. ಇನ್ನ ಇದು ಕಾಯಂ ನಿಂದ."

ಸಮಾಧಾನ ಗಾಬರಿಯಾಗಿ ಅಪ್ಪನ ಕಡೆ ನೋಡಿದ. ವಿಜ್ಞಾನವಾದರೂ ತನ್ನನ್ನು ಉಳಿಸೀತೆಂದು ಅವನ ಆಸೆ.

"ಪ್ರಯೋಗ ಒಮ್ಮೆ ಮಾಡಿದ್ರ ಸಾಲಂಗಿಲ್ಲ," ಎಂದರು ಭರಮು ಮಾಸ್ತರರು ಮಜ್ಜಿಗೆ ಕುಡಿದು. "ಮತ್ತ ಮತ್ತ ಮಾಡಿ ನೋಡಬೇಕು." ಆ ಇಬ್ಬರು ಹಿರಿಯರು ಒಂದು ವಿಷಯದಲ್ಲಿ ಒಮ್ಮತಕ್ಕೆ ಬಂದದ್ದು ಅಂಕಲಿಯಲ್ಲಿ ಅದೇ ಮೊದಲು.

ಊಟ ಮುಗಿದು ಕೈ ತೊಳೆಯುವಾಗ ಸಮಾಧಾನ ನೀರಿನ ತಂಬಿಗೆ ಹಿಡಿದು ನಿಂತಿದ್ದ. ರುಕ್ಮವ್ವ ಸೆರಗಿಗೆ ಕೈ ಒರೆಸಿಕೊಂಡು ಸಾರಿಕಾಳ ಹತ್ತಿರ ಸರಿದು ಮೆಲ್ಲಗೆ ಕೇಳಿದಳು. "ರಿಜಲ್ಟ ಯಾವಾಗಂತ?"

ಸಾರಿಕಾ ಬೆಚ್ಚಿದಳು. ಸಮಾಧಾನನ ಕೈಯಿಂದ ತಂಬಿಗೆ ಜಾರಿತು.

"ನನಗ ಓದಾಕ ಬರಂಗಿಲ್ಲ ಖರೆ, ಓದೂ ದನಿ ಗೊತ್ತಾಗತೈತಿ," ಎಂದಳು ರುಕ್ಮವ್ವ. "ಬ್ಯಾನಿ ಬಂದಾಕಿ ಎಲ್ಲೆರ ಹಾಳಿ ತಿರವತಾಳನ? ಗುರುವಾರನ ತಿಳೀತು ನನಗ. ಯಾರಿಗೂ ಹೇಳಿಲ್ಲ, ಹೇಳಂಗೂ ಇಲ್ಲ."

"ಮತ್ತ ವಾರ ಬಿಡಬಾರದು ಅಂದ್ರೆಲ್ರಿ ಆಯೀ?" ಎಂದ ಸಮಾಧಾನ.

"ಅದು ಬ್ಯಾರೆ," ಎಂದು ರುಕ್ಮವ್ವ ಮನೆಗೆ ಹೋದಳು.

ಮುಂದಿನ ಶುಕ್ರವಾರ ಮುಂಜಾನೆ ಸಮಾಧಾನ ಮಡಕಿ ಕಾಳು ತೊಳೆಯುತ್ತಿದ್ದಾಗ ಯಾರೋ ಹಿತ್ತಲ ಬಾಗಿಲು ತಟ್ಟಿದರು. ಭಾವುಸಾಹೇಬ. ಟವೆಲಿನಲ್ಲಿ ಮುಖ ಮರೆಮಾಡಿಕೊಂಡಿದ್ದ, ಕಂಕುಳಲ್ಲಿ ಒಂದು ಪಾತೇಲಿ, ಕೈಯಲ್ಲಿ ತನ್ನ ಹೊಸ ಧೋತರ. ಅವನ ಹಿಂದೆ ಗೋಡೆಗೆ ಅಂಟಿಕೊಂಡು ಓಣಿಯ ಇನ್ನೂ ಮೂವರು ಗಂಡಸರು ನಿಂತಿದ್ದರು.

"ಕಾಳ ಹೆಂಗ ಕಟ್ಟೂದ ತೋರಸಪಾ," ಎಂದ ಭಾವುಸಾಹೇಬ ಅತ್ತಿತ್ತ ನೋಡಿ. "ನಿನ್ನೆಯಿಂದ ನಮ್ಮ ಸೋನಾಬಾಯಿಗೂ ತ್ರಾಸ ಸುರು ಆಗೇತಿ. ಸೋಮವಾರ ಒಂದ ಹಿಡಿತೇನಿ ಅಂದೆ. ಅವ್ವ ಕೇಳವಲ್ಲಳು. ಏಳೂ ಹಿಡಿಬೇಕಂತ."